ಹಿತ್ತಾಳೆ ಬಾಗಿಲ ಮುಂದೆ ವೈಫೈ ಆಚಾರಿ

ಬಿಂಡಿಗನವಿಲೆ ಸುತ್ತಮುತ್ತ ಲಕ್ಷ್ಮಣಾಚಾರಿ ಮನೆ ಎಲ್ಲಿ ಅಂತ ಕೇಳುದ್ರೆ ಯಾವ ಲಕ್ಷ್ಮಣಾಚಾರಿ ಅಂತಾರೆ. ವೈಫೈ ಆಚಾರಿ ಅನ್ನಿ, ಮನೆ ಬಾಗಿಲಗಂಟ ಬುಟ್ಟು ಬತ್ತಾರೆ. ಆ ಹೆಸರು ಅವ್ನಿಗೆ ಇಷ್ಟವೋ ಇಲ್ವೋ ನಾನು ಕೇಳಿಲ್ಲ. ಕೇಳುದ್ರೂ ಯೋಳೋ ಪೈಕಿ ಅಲ್ಲ ಅವ್ನು. ಮಾತು ಕಮ್ಮಿ ಆಡೋರ್ನ ಕಂಡ್ರೆ ನಂಗೆ ಸಿಟ್ಟು, ಯಾಕಂದ್ರೆ ನಮ್ಮನೇಲೂ ಅಂತೋರು ಒಬ್ರವ್ರೆ. ನಮ್ಮ ಯಜಮಾನ್ರು ನಿಂಗರಾಜು ಬೆಳಗ್ಗೆ ಡೇರಿಗೆ ಹಾಲು ಹಾಕಿ ಬಂದ್ರೆ ಮಧ್ಯಾಹ್ನದಗಂಟ ನಾಕು ಮಾತು ಆಡುದ್ರೆ ಹೆಚ್ಚು. ಅದ್ಕೇ ಈ ಮನೆ ಮಾತೆಲ್ಲ ನನ್ನ ಪಾಲಿಗೇ ಬಿದ್ದದೆ, ಬೈಯೋ ಕೆಲ್ಸಾನೂ ಸೇರಿ.

ಲಕ್ಷ್ಮಣನ ಅಪ್ಪ ಮೂಗಾಚಾರಿ ಮರಗೆಲ್ಸದೋನು. ಈ ಕಡೆ ಹತ್ತೂರಲ್ಲಿ ಹಳೇ ಬಾಗಿಲು ಯಾವ್ದನ್ನೇ ತೋರ್ಸಿ ಯಾರು ಮಾಡಿದ್ದು ಅಂದ್ರೂ ಅವ್ನ ಹೆಸರೇ ಯೋಳ್ತಾರೆ. ಲಕ್ಷ್ಮಣ ಒಂಬತ್ತನೇ ಕ್ಲಾಸಿಗೆ ಸ್ಕೂಲು ಬುಟ್ಟು ಅಪ್ಪನ ಪಕ್ಕ ಉಳಿ ಹಿಡ್ಕಂಡು ಕೂತ. ಕೈ ಚೆನ್ನಾಗಿತ್ತು. ಆದ್ರೆ ಅವ್ನು ಪೂರಾ ಕಲಿಯೋ ಹೊತ್ಗೆ ನಾಗಮಂಗಲದಾಗೆ ರೆಡಿಮೇಡ್ ಬಾಗಿಲು ಬಂದ್ಬುಟ್ವು. ಬೆಳಗ್ಗೆ ಟೆಂಪೋದಲ್ಲಿ ತಂದು ಸಾಯಂಕಾಲಕ್ಕೆ ಕೂರ್ಸೋ ಬಾಗಿಲಿರೋವಾಗ ಹಲಸಿನ ಮರ ಕುಯ್ಸಿ ಆರು ತಿಂಗಳು ಒಣಗಾಕೋರು ಯಾರು. ಲಕ್ಷ್ಮಣ ಕೇಬಲ್ ಎಳೆಯೋರ ಜೊತೆ ಕಂಬ ಹತ್ತುದ. ಮದುವೆಯಾಗಿ ಮಗಳು ಭೂಮಿಕ ಹುಟ್ಟೋ ಹೊತ್ಗೆ ಕೇಬಲ್ಲೂ ಮುಗ್ದೋಯ್ತು. ಆಮ್ಯಾಕೆ ಈ ಫೈಬರ್ ವೈರು ಊರೂರಿಗೆ ಬಂತು, ಅದನ್ನೂ ಕಲ್ತ್ಕಂಡ. ಎರಡು ಸಲ ಕೈಯಾಗಿದ್ದ ಕೆಲ್ಸ ಕಿತ್ಕಂಡೋದ್ರೂ ಅವ್ನು ಯಾರ್ನೂ ಬೈದಿದ್ದು ನಾನು ಕೇಳಿಲ್ಲ. ನಾನಾಗಿದ್ರೆ ನಾಗಮಂಗಲದಗಂಟ ಕೇಳ್ಸೋ ಅಂಗೆ ಬೈತಿದ್ದೆ.

ಎರಡು ವರ್ಷದ ಹಿಂದೆ ನಮ್ಮನೆಗೆ ಆ ವೈಫೈ ಡಬ್ಬ ಹಾಕಾಕೆ ಬಂದಿದ್ದ. ಎಲ್ಲಿ ಇಡಾನ ಅಕ್ಕ ಅಂದ. ದೇವ್ರ ಮನೇಲಿ ಇಡು ಅಂದೆ. ಯಾಕಂದ್ರೆ ಅಲ್ಲಿ ಯುಪಿಎಸ್ಸಿನ ಪ್ಲಗ್ಗು ಅದೆ, ಚಪ್ಲಿ ಹಾಕ್ಕಂಡು ಯಾರೂ ಹೋಗಾಕಿಲ್ಲ, ಬಂದೋರ ಮಕ್ಳು ಕೈಯಾಡ್ಸಾಕಿಲ್ಲ. ಬೆಲೆ ಬಾಳೋದೆಲ್ಲ ಅಲ್ಲೇ ಇಡೋದು ನಮ್ಮನೆ ಪದ್ಧತಿ, ಜಮೀನಿನ ಪತ್ರಾನೂ ಅಲ್ಲೇ ಅದೆ. ಅವ್ನು ಬಾಗಿಲ ಕಡೆ ಒಂದ್ಸಲ ನೋಡಿ, "ಬ್ಯಾಡ ಅಕ್ಕ, ನಡುಮನೇಲಿ ಹಾಕಾನ" ಅಂದ. ನಮ್ಮನೇಲಿ ಏನು ಎಲ್ಲಿಡಬೇಕು ಅಂತ ನೀನು ಯೋಳ್ಬೇಡ ಕಣ್ಲಾ ಅಂದ್ಬುಟ್ಟೆ. ಅವ್ನು ಸುಮ್ನೆ ಅಲ್ಲೇ ಹಾಕಿ ಹೋದ. ನಾನು ಡಬ್ಬಕ್ಕೆ ಕುಂಕುಮ ಇಟ್ಟು, ಶುಕ್ರವಾರ ಶುಕ್ರವಾರ ಹೂವೂ ಇಡ್ತಿದ್ದೆ. ಹಗಲೊತ್ತು ಚೆನ್ನಾಗೇ ಬರೋದು. ರಾತ್ರಿ ಮಾತ್ರ ನಿಂತ್ನಿಂತು ಬರೋದು. ಎಲ್ರೂ ಒಟ್ಗೆ ನೋಡ್ತಾರಲ್ಲ, ಅದ್ಕೇ ಅಂಗೆ ಅಂದ್ಕಂಡು ಕಂಪನೀರ್ನ ಬೈಕಂಡು ಸುಮ್ನಿದ್ವು.

ಈಗ ನಮ್ಮ ಸೊಸೆ ವಿಷ್ಯಕ್ಕೆ ಬತ್ತೀನಿ. ಹೇಮಶ್ರೀ ನನ್ನ ಮಗ ಸಂತೋಷನ ಎಂಡ್ತಿ. ಸಂತೋಷ ಹಾಲಿನ ಟ್ಯಾಂಕರ್ ಓಡುಸ್ತಾನೆ, ವಾರಕ್ಕೆ ಎರಡು ದಿವ್ಸ ಮನೇಲಿದ್ರೆ ಉಂಟು. ಹೇಮ ಎಮ್ಮೆಸ್ಸಿ ಓದವ್ಳೆ, ಕೆ.ಆರ್. ಪೇಟೆ ಕಡೆ ಒಂದು ಸ್ಕೂಲಲ್ಲಿ ನಾಕು ವರ್ಷ ವಿಜ್ಞಾನ ಪಾಠ ಮಾಡುದ್ಲು. ಹೊಟ್ಟೆ ಕಾಣ್ಸೋ ಅಂಗಾದ್ಮೇಲೆ ಮುಂದಿನ ವರ್ಷಕ್ಕೆ ನೀವು ಬ್ಯಾಡ ಅಂದ್ಬುಟ್ರು. ಅವತ್ತು ಬಸ್ಸಿಳಿದು ಬಂದೋಳು ಬ್ಯಾಗು ಕೆಳೀಕ್ಕೆ ಇಡ್ದೆ ಅಂಗೇ ಕೂತಿದ್ಲು. ಆಮ್ಯಾಕೆ ಪಾಂಡವಪುರದ ಕಡೆ ಒಂದು ವಸತಿ ಶಾಲೆಗೆ ಅರ್ಜಿ ಹಾಕುದ್ಲು. ಬರೆಯೋ ಪರೀಕ್ಷೆ ಪಾಸಾಯ್ತು. ಉಳಿದಿದ್ದು ವಿಡಿಯೋದಲ್ಲಿ ಇಪ್ಪತ್ತು ನಿಮಿಷ ಪಾಠ ಮಾಡಿ ತೋರ್ಸೋದು. ಮೂರು ಜನ ಆ ಕಡೆ ಕೂತು ನೋಡ್ತಾರಂತೆ. ನಡುವೆ ಎರಡು ಸಲ ಸಂಪರ್ಕ ತಪ್ಪೋದ್ರೆ ಹೆಸ್ರು ತೆಗ್ದು ಪಟ್ಟೀಲಿ ಮುಂದಿರೋರ್ನ ಕರೀತಾರಂತೆ.

ಪಾಠದ ದಿನ ಗೊತ್ತಾದಾಗ ಎರಿಗೆಗೆ ಇನ್ನೂ ಒಂದು ತಿಂಗ್ಳಿತ್ತು. ಮೊಮ್ಮಗ ಯಾರ್ನೂ ಕೇಳ್ದೆ ಮೂರು ವಾರ ಮುಂಚೇನೇ ಬಂದ್ಬುಟ್ಟ. ಹೊಟ್ಟೆ ಕುಯ್ದು ತೆಗುದ್ರು. ಹೇಮಂಗೆ ತಾಯಿಲ್ಲ, ಅದ್ಕೇ ಬಾಣಂತನ ನಮ್ಮನೇಲೇ, ಮಾಡೋಳು ನಾನೇ. ದಿನ ಮುಂದಕ್ಕಾಕಿ ಅಂತ ಸ್ಕೂಲಿನೋರ್ನ ಕೇಳುದ್ಲು. ಆಗಕಿಲ್ಲ, ಬೇಕಾದ್ರೆ ಮುಂದಿನ ವರ್ಷ ಹಾಕ್ಕಳಿ ಅಂದ್ರಂತೆ. ಲೆಕ್ಕ ಹಾಕುದ್ರೆ ಪಾಠದ ದಿನ ಸರಿಯಾಗಿ ಹತ್ತನೇ ದಿವ್ಸಕ್ಕೆ ಬಿತ್ತು.

ನಮ್ಮಲ್ಲಿ ಮಗು ಹುಟ್ಟುದ್ರೆ ಹನ್ನೊಂದು ದಿವ್ಸ ಪುರುಡು. ಮೈಲಿಗೆ ಅಂತ ಇಟ್ಕಳಿ. ದೀಪ ಹಚ್ಚಂಗಿಲ್ಲ, ದೇವ್ರ ಮನೆ ಬಾಗಿಲು ತೆಗಿಯಂಗಿಲ್ಲ. ಮಗು ಹುಟ್ತು ಅಂತ ಆಸ್ಪತ್ರೆಯಿಂದ ಫೋನು ಬಂದ ತಕ್ಷಣ ಇವ್ರು ಬಾಗ್ಲಾಕಿ ಚಿಲ್ಕ ಹಾಕುದ್ರು. ವೈಫೈ ಡಬ್ಬ ಒಳಗೇ ಉಳ್ಕಂತು. ಐದನೇ ದಿವ್ಸ ಹೇಮ ಮನೆಗೆ ಬಂದು ಹಿಂದಿನ ಕೋಣೇಲಿ ಮಲಗಿ ಫೋನು ತೆಗುದ್ರೆ ಏನಂದ್ರೆ ಏನೂ ಬರ್ತಿಲ್ಲ. ನಮ್ಮೂರು ತಗ್ಗಿನಲ್ಲದೆ, ಮೊಬೈಲ್ ಸಿಗ್ನಲ್ಲು ಮಾಳಿಗೆ ಮೇಲೆ ನೀರಿನ ಟ್ಯಾಂಕ್ ಹತ್ರ ಮಾತ್ರ. ಹೊಲಿಗೆ ಹಾಕಿರೋ ಹಸೀ ಬಾಣಂತಿ ಏಣಿ ಹತ್ತಿ ಗಾಳೀಲಿ ಕೂತು ಪಾಠ ಮಾಡೋಕಾಯ್ತದ. ಕಾರಲ್ಲಿ ನಾಗಮಂಗಲಕ್ಕೆ ಕರ್ಕೊಂಡೋಗ್ತೀನಿ ಅಂತ ಸಂತೋಷ, ನಾನು ಮಾಳಿಗೆ ಹತ್ತಿ ಫೋನು ಮಾಡ್ದಾಗ ಅಂದ. ಆ ರಸ್ತೆ ಗುಂಡಿಗೆ ಹೊಲಿಗೆ ಬಿಚ್ಚೋದ್ರೆ ನಿಮ್ಮಪ್ಪ ಹಾಕ್ತಾನ ಅಂದೆ.

ಬಾಗಿಲು ಒಂದ್ನಿಮಿಷ ತೆಗ್ದು ಡಬ್ಬ ಈಚೆಗೆ ತಂದ್ರಾಯ್ತು ಅಂತ ನೀವು ಅನ್ಬೋದು. ನಮ್ಮ ಯಜಮಾನ್ರೂ ಅದ್ನೇ ಅಂದ್ರು, ಅವ್ರು ಅವತ್ತು ಆಡಿದ ನಾಕು ಮಾತಲ್ಲಿ ಅದೊಂದು. ನಾನು ಒಪ್ಲಿಲ್ಲ. ಕಾರಣ ಯೋಳ್ತೀನಿ. ಮೂರು ವರ್ಷದ ಹಿಂದೆ ಹೇಮಂಗೆ ಒಂದು ಹೆಣ್ಮಗು ಹುಟ್ಟಿ ಎರಡೇ ದಿವ್ಸಕ್ಕೆ ಹೋಯ್ತು. ಅವಾಗ ನಾನು ಯಾವ ಶಾಸ್ತ್ರ ತಪ್ಪಿಸಿದ್ನೋ ಏನೋ ಅಂತ ಎಷ್ಟೋ ದಿವ್ಸ ನಿದ್ದೆ ಬರ್ಲಿಲ್ಲ. ಈ ಸಲ ಒಂದು ಕಡ್ಡೀನೂ ಅತ್ತಿತ್ತ ಆಗ್ಬಾರ್ದು ಅಂತ ಮನಸ್ನಲ್ಲೇ ಗಟ್ಟಿ ಮಾಡ್ಕಂಡಿದ್ದೆ. ಮೂಢನಂಬಿಕೆ ಅಂತೀರೇನೋ, ಅನ್ನಿ. ಭಯ ಆದೋರಿಗೆ ಗೊತ್ತು.

ಇವ್ರು ನಾಗಮಂಗಲಕ್ಕೆ ಹೋಗಿ ಒಂದು ಬೂಸ್ಟರ್ ತಂದ್ರು. ಗೋಡೆ ಪ್ಲಗ್ಗಿಗೆ ಸಿಕ್ಸೋದು, ಎರಡು ಕೊಂಬು ಇರ್ತವೆ. ಸಿಗ್ನಲ್ ಇಲ್ಲದ ಕಡೆ ಹಾಕಿ ಅಂತ ಅಂಗಡಿಯೋನು ಅಂದ್ನಂತೆ. ಇವ್ರು ಬಾಣಂತಿ ಕೋಣೇಲೇ, ಮಂಚದ ತಲೆದಸೀಲೇ ಸಿಕ್ಸುದ್ರು. ಹೇಮಳ ಫೋನಲ್ಲಿ ಗೆರೆಯೆಲ್ಲ ಪೂರಾ ತುಂಬ್ಕಂತು. ಅವ್ಳ ಮಖ ಅರಳ್ತು. ವಿಡಿಯೋ ಹಾಕಿ ನೋಡುದ್ರೆ ಸುತ್ತೋ ಚಕ್ರ ಸುತ್ತುತ್ತಲೇ ಅದೆ. ಅವ್ಳು ಫೋನು ಬೋರಲು ಹಾಕಿ ಗೋಡೆ ಕಡೆ ತಿರುಕ್ಕಂಡು, "ಬುಡಿ ಅತ್ತೆ, ನನ್ನ ಹಣೇಲಿ ಪಾಠ ಮಾಡೋದು ಬರೆದಿಲ್ಲ" ಅಂದ್ಲು. ಬಾಣಂತಿ ಅಳಬಾರ್ದು, ಹಾಲು ಕೆಡ್ತದೆ ಅಂತ ಬೈದು ಈಚೆಗೆ ಬಂದು ಹಿತ್ಲಲ್ಲಿ ನಿಂತು ನಾನೇ ಅತ್ತೆ.

ಆಮ್ಯಾಕೆ ಲಕ್ಷ್ಮಣನ ನೆಪ್ಪಾಯ್ತು. ನಮ್ಮೂರು ಪೂರಾ ಒಂದೇ ಒಕ್ಕಲಿನ ಅಣ್ಣತಮ್ಮಂದಿರು, ಎಲ್ರಿಗೂ ಪುರುಡು. ಲಕ್ಷ್ಮಣ ಹೊರಗಿನೋನು, ಅವ್ನಿಗೆ ನಮ್ಮ ಮೈಲಿಗೆ ಇಲ್ಲ. ಸ್ನಾನ ಮಾಡ್ಕಂಡು ಬಂದು ಒಳೀಕ್ಕೆ ಹೋಗಿ ಡಬ್ಬ ಎತ್ಕಂಡು ಬರ್ಲಿ, ಶಾಸ್ತ್ರಾನೂ ಉಳೀತದೆ ಕೆಲ್ಸಾನೂ ಆಯ್ತದೆ. ಇಷ್ಟು ಸುಲಭದ್ದು ನಂಗೆ ಮೊದ್ಲೇ ಹೊಳೀಲಿಲ್ವಲ್ಲ ಅಂತ ನನ್ನ ಬುದ್ಧಿಗೆ ನಾನೇ ಮೆಚ್ಕಂಡು, ಮಾಳಿಗೆ ಹತ್ತಿ ಫೋನು ಮಾಡ್ದೆ. ಅವತ್ತು ಒಂಬತ್ತನೇ ದಿವ್ಸ.

ಹತ್ತು ಗಂಟೆಗೆ ಸ್ಕೂಟರ್ ಬಂತು. ಲಕ್ಷ್ಮಣ ಒಳೀಕ್ಕೆ ಬರ್ದೆ ಅಂಗಳದಲ್ಲೇ ನಿಂತ್ಕಂಡ. ನಾನು ಎಲ್ಲ ಯೋಳ್ದೆ. ಅವ್ನು ಕೇಳಿ, ತಲೆ ಕೆರ್ಕಂಡು, "ಅಕ್ಕ, ನಂಗೂ ಸೂತ್ಕ ಅದೆ" ಅಂದ. "ದೇವಲಾಪುರದ ನಮ್ಮ ದೊಡ್ಡಪ್ಪ ಹೋಗ್ಬುಟ್ರು, ನಾಕು ದಿವ್ಸ ಆಯ್ತು. ದೇವ್ರ ಮನೆ ಒಳೀಕ್ಕೆ ನಾನು ಹೋಗಂಗಿಲ್ಲ."

ನಂಗೆ ಎಲ್ಲಿತ್ತೋ ಸಿಟ್ಟು. ಅದನ್ನ ಬಾಯಿಬುಟ್ಟು ಯೋಳೋ ಅಗತ್ಯ ಏನಿತ್ಲಾ ನಿಂಗೆ, ಸುಮ್ನೆ ಹೋಗಿ ತಂದ್ಬುಟ್ಟಿದ್ರೆ ನಂಗೇನು ಗೊತ್ತಾಗ್ತಿತ್ತು ಅಂದೆ. ಅಂದ್ಮೇಲೆ ನಂಗೇ ನಾಚ್ಕೆ ಆಯ್ತು. ಅವ್ನು, "ನಿಮ್ಗೆ ಗೊತ್ತಾಗ್ತಿರ್ಲಿಲ್ಲ. ನಂಗೆ ಗೊತ್ತಿರ್ತಿತ್ತಲ್ಲ" ಅಂದ. ಅಷ್ಟೇ. ನಾನು ಜಗಲಿ ಮೇಲೆ ಕೂತ್ಬುಟ್ಟೆ.

ಹೊಸ ಡಬ್ಬ ತರಿಸಿ ವೈರನ್ನ ಹೊರಗಿಂದ್ಲೇ ತಿರುಗ್ಸಾಕಾಗಕಿಲ್ವ ಅಂತ ಇವ್ರು ಕೇಳುದ್ರು. ಆಯ್ತದೆ, ಆದ್ರೆ ಆಫೀಸಿಂದ ಬರಾಕೆ ನಾಕು ದಿವ್ಸ ಬೇಕು ಅಂದ ಲಕ್ಷ್ಮಣ. ಆಮೇಲೆ ಬಾಣಂತಿ ಕೋಣೆ ಕಡೆ ನಾನು ಬರಾಕಿಲ್ಲ, ನಡುಮನೆಗಂಟ ಬರ್ಲಾ ಅಂತ ಕೇಳ್ಕಂಡು ಕಾಲು ತೊಳ್ದು ಒಳೀಕ್ಕೆ ಬಂದ. ಫೋನು ಕೈಲಿ ಹಿಡ್ಕಂಡು ಹೆಜ್ಜೆ ಹೆಜ್ಜೆಗೂ ನಿಂತು ನೋಡ್ತಾನೆ, ಗೋಡೆ ಬಂದ್ರೆ ಬೆರಳ ಗೆಣ್ಣಲ್ಲಿ ತಟ್ತಾನೆ, ಕಿವಿ ಇಟ್ಟು ಕೇಳ್ತಾನೆ. ಫೈಬರ್ ಕೆಲ್ಸದೋರು ಯಾರೂ ಇಂಗೆ ಗೋಡೆ ತಟ್ಟಾಕಿಲ್ಲ, ಇದು ಅವ್ರಪ್ಪನ ಅಭ್ಯಾಸ. ದೇವ್ರ ಮನೆ ಪಕ್ಕದ ಗೋಡೆ ಹತ್ರ ಫೋನು ಹಿಡ್ದ, ಒಂದೋ ಎರಡೋ ಗೆರೆ ಬಂತು. ಬಾಗಿಲ ಎದ್ರಿಗೆ ಬಂದ, ಅದೂ ಹೋಯ್ತು. ಮೂರು ಸಲ ಅಂಗೇ ಮಾಡಿ ನೋಡ್ದ.

"ಬಾಗಿಲ ಹಿತ್ತಾಳೆ ತಗಡು ತಡೀತಾ ಅದೆ" ಅಂದ.

ನಮ್ಮ ದೇವ್ರ ಮನೆ ಬಾಗ್ಲು ಹಲಸಿನ ಮರದ್ದು, ಹೊರಗಡೆ ಮೇಲಿಂದ ಕೆಳಗಂಟ ಹಿತ್ತಾಳೆ ತಗಡು ಹೊಡ್ಸಿದ್ದೆ. ಬೋರ್‌ವೆಲ್ಲಿಗೆ ನೀರು ಬಂದ್ರೆ ಹೊಡುಸ್ತೀನಿ ಅಂತ ಹರಕೆ ಕಟ್ಕಂಡಿದ್ದೆ, ನೀರು ಬಂತು. ನಾಗಮಂಗಲದ ತಗಡು, ಬಳ್ಳಿ ಹೂವು ಉಬ್ಬಿಸಿರೋದು. ಗೋಡೆ ಮೂರು ಕಡೆ ಕಲ್ಲಿಂದು, ದಪ್ಪ. ಡಬ್ಬದಿಂದ ಚೆನ್ನಾಗಿ ಈಚೆಗೆ ಬರಾಕೆ ಬಾಗಿಲೊಂದೇ ದಾರಿ. ಹಗಲೆಲ್ಲ ಬಾಗ್ಲು ತೆಗ್ದಿರ್ತಿತ್ತು, ಬರ್ತಿತ್ತು. ಸಂಜೆ ದೀಪ ಆದ್ಮೇಲೆ ಬಾಗ್ಲಾಕ್ತಿದ್ವು, ನಿಂತ್ನಿಂತು ಬರ್ತಿತ್ತು. ಪಾಪ, ಕಂಪನೀರ್ನ ಎರಡು ವರ್ಷ ಸುಮ್ಸುಮ್ನೆ ಬೈದಿದ್ದೀವಿ.

"ಬರೀ ಮರ ಆದ್ರೆ ತೂರ್ಕಂಡು ಬತ್ತದೆ. ಬಾಗ್ಲು ತೆಗೀಬೇಕಿಲ್ಲ ಅಕ್ಕ, ಒಳೀಕ್ಕೂ ಹೋಗ್ಬೇಕಿಲ್ಲ. ತಗಡು ಬಿಚ್ಚುದ್ರೆ ಸಾಕು. ಮೊಳೆಯೆಲ್ಲ ಹೊರಗಡೇನೇ ಅವೆ." ಅವ್ನು ಅಷ್ಟು ಉದ್ದ ಮಾತಾಡಿದ್ದು ನಾನು ಅವತ್ತೇ ಕೇಳಿದ್ದು.

ನಾನು ಬಾಗ್ಲು ನೋಡ್ದೆ. ಹರಕೆ ತಗಡು. ದೇವ್ರಿಗೆ ಕೊಟ್ಟಿದ್ದನ್ನ ಕೀಳೋದು ಎಂಗೆ. ಅತ್ಲಾಗೆ ಕೋಣೇಲಿ ಸೊಸೆ ಗೋಡೆ ಕಡೆ ಮಖ ಮಾಡ್ಕಂಡು ಮಲಗವ್ಳೆ. ಲಕ್ಷ್ಮಣನೂ ಬಾಗ್ಲನ್ನೇ ನೋಡ್ತಾ ನಿಂತಿದ್ದ. ಆಗ ನಂಗೆ ಗ್ಯಾಪ್ಕ ಬಂತು. ಈ ತಗಡು ಹೊಡೆದಿದ್ದು ಮೂಗಾಚಾರಿ, ಅವ್ನ ಕೊನೇ ಕೆಲ್ಸ ಇದು. ಇದಾದ ಎರಡು ತಿಂಗ್ಳಿಗೆ ಹೋಗ್ಬುಟ್ಟ. ಅದನ್ನ ಕೀಳ್ತೀನಿ ಅಂತ ಯೋಳ್ತಿರೋನು ಅವ್ನ ಮಗ.

"ನಿಮ್ಮಪ್ಪನ ಕೆಲ್ಸ ಕಣ್ಲಾ ಅದು" ಅಂದೆ.

"ಮತ್ತೆ ನಾನೇ ಹೊಡ್ಕೊಡ್ತೀನಿ. ಹುಡುಗಿ ಪಾಠಕ್ಕೆ ನಾಳೆ ಒಂದೇ ದಿವ್ಸ ಇರೋದು" ಅಂದ.

ಕೀಳಪ್ಪ ಅಂದೆ. ದೇವ್ರಿಗೆ ಮನಸ್ನಲ್ಲೇ ಯೋಳ್ಕಂಡೆ, ನೀನು ಒಳಗೇ ಇರು, ಬಾಗ್ಲೂ ಮುಚ್ಚೇ ಇರ್ತದೆ, ಹೊದಿಕೆ ಒಂದು ಎರಡು ದಿವ್ಸ ತೆಗೀತಾ ಇವ್ನಿ, ಬೇಜಾರು ಮಾಡ್ಕಬೇಡ ಅಂತ.

ಮೊಳೆ ಒಂದೊಂದಕ್ಕೂ ಕೆಳಗೆ ತೆಳ್ಳನೆ ಮರದ ಚಕ್ಕೆ ಇಟ್ಟು, ತಗಡಿಗೆ ನೆಗ್ಗು ಬೀಳ್ದಂಗೆ ಎಬ್ಬುಸ್ದ. ಕಿತ್ತ ಮೊಳೇನ ಒಂದು ಲೋಟಕ್ಕೆ ಹಾಕ್ದ. ಎರಡು ಗಂಟೆ ಹಿಡೀತು. ಕೊನೆಗೆ ಅವ್ನೂ ಇವ್ರೂ ಸೇರಿ ತಗಡು ಎತ್ತಿಟ್ರು. ಒಳಗಿನ ಮರದ ಮ್ಯಾಲೆ ಪೆನ್ಸಿಲ್ಲಲ್ಲಿ ಅಳತೆ ಬರೆದಿತ್ತು, ಎಡಗಡೆ ಅಂಚಿಗೆ 'ಇದು ಲಚ್ಚ ಹೊಡೀಲಿ' ಅಂತ ಇತ್ತು. ಲಕ್ಷ್ಮಣನ್ನ ಅವ್ರಪ್ಪ ಲಚ್ಚ ಅಂತ್ಲೇ ಕರಿಯೋದು. ಲಕ್ಷ್ಮಣ ಆ ಅಕ್ಷರದ ಮೇಲೆ ಬೆರಳಾಡ್ಸುದ. ನಾನು ನೀರು ತರೋ ನೆಪದಲ್ಲಿ ಅಡಿಗೆ ಮನೆಗೆ ಹೋದೆ.

ಬೂಸ್ಟರ್ ಎಲ್ಲಿ ಹಾಕಿದ್ದೀರ ಅಂತ ಆಮೇಲೆ ಕೇಳ್ದ. ಬಾಣಂತಿ ಕೋಣೇಲಿ ಅಂದ್ರು ಇವ್ರು. ಲಕ್ಷ್ಮಣಂಗೆ ನಗು ಬಂತು. "ಇಟ್ಟಿಗೆ ಕೈ ಬದಲಾಯಿಸೋವಾಗ ಆಳನ್ನ ನಡುವೆ ನಿಲ್ಸಬೇಕು ನಿಂಗಣ್ಣ. ಇಟ್ಟಿಗೇನೇ ಬರ್ದಿರೋ ಕಡೆ ನಿಲ್ಸುದ್ರೆ ಅವ್ನೇನು ಕೊಡ್ತಾನೆ" ಅಂದ. ನಡುಮನೆಯಿಂದ ಕೋಣೆಗೆ ಹೋಗೋ ಓಣಿಯಂತ ಜಾಗದಲ್ಲಿ, ಆಳೆತ್ತರಕ್ಕೆ ಸಿಕ್ಸುದ. ಪಕ್ಕದಲ್ಲಿದ್ದ ರಾಗಿ ತುಂಬೋ ತಗಡಿನ ಡ್ರಮ್ಮನ್ನ ಇವ್ರ ಕೈಲೇ ಆಚೆಗೆ ಎಳ್ಸುದ. ಯಾವ ಪ್ಲಗ್ಗಿಗೆ ಯುಪಿಎಸ್ ಬತ್ತದೆ ಅಂತ ಕೇಳಿ, ವೈರು ಅಲ್ಲಿಂದ್ಲೇ ತಂದ. ಒಳಗಿಂದ ಹೇಮ, "ಅತ್ತೆ, ವಿಡಿಯೋ ಬಂತು" ಅಂದ್ಲು. ಅವ್ಳ ದನಿ ಕೇಳಿದ್ಮೇಲೆ ನನ್ನ ಎದೆ ಮೇಲಿಂದ ಒಂದು ಮೂಟೆ ಇಳಿಸ್ದಂಗಾಯ್ತು.

ಮಾರ್ನೆ ದಿವ್ಸ ಹನ್ನೊಂದಕ್ಕೆ ಪಾಠ. ಬೆಳಗ್ಗೆನೇ ನಮ್ಮಿಬ್ರಿಗೂ ಜಗಳ. ತಲೆಗೆ ಕಟ್ಟಿರೋ ಬಟ್ಟೆ ಬಿಚ್ತೀನಿ ಅಂತಾಳೆ, ಬಿಚ್ಚಬೇಡ ಶೀತ ಆಯ್ತದೆ ಅಂತೀನಿ. ಬಾಣಂತಿ ಬಟ್ಟೆ ಕಟ್ಕಂಡು ಮೇಷ್ಟ್ರಮ್ಮ ಅಂದ್ರೆ ಯಾರು ನಂಬ್ತಾರೆ ಅತ್ತೆ ಅಂದ್ಲು. ಅದೂ ಸರಿ ಅನ್ನುಸ್ತು. ಅರ್ಧ ಗಂಟೆ ಮಾತ್ರ ಅಂತ ಒಪ್ಕಂಡೆ. ಕಿವಿಯ ಹತ್ತಿ ತೆಗ್ದು ಅಲ್ಲಿಗೆ ಇಯರ್‌ಫೋನು ತುರುಕ್ಕಂಡ್ಲು. ನೈಟಿ ಮೇಲೇ ನೀಲಿ ಸೀರೆ ಸುತ್ತಿಕೊಟ್ಟೆ. ಮಗೂನ ಎತ್ಕಂಡು ನಾನು ಈಚೆಗೆ ಬಂದು ಕದದ ಹತ್ರ ಕೂತೆ. ಯಾರೂ ಕರೀದೇ ಇದ್ರೂ ಲಕ್ಷ್ಮಣ ಬಂದಿದ್ದ. ಬೂಸ್ಟರ್ ಕಾಣೋ ಅಂಗೆ ನಡುಮನೆ ಕಂಬಕ್ಕೆ ಒರಗಿ ನಿಂತಿದ್ದ.

ಹೇಮ ಪಾಠ ಸುರು ಮಾಡುದ್ಲು. ನಾನು ಅವ್ಳ ಪಾಠ ಯಾವತ್ತೂ ಕೇಳಿರ್ಲಿಲ್ಲ. ಮನೇಲಿ ಇರೋ ದನೀನೇ ಬೇರೆ, ಇದೇ ಬೇರೆ. ಆಮ್ಲದ ಬಗ್ಗೆ ಯೋಳ್ತಿದ್ಲು. "ನಮ್ಮ ಅತ್ತೆ ಪ್ರತಿ ಗುರುವಾರ ಪಾತ್ರೆಗೆ ಹುಣಸೆಹಣ್ಣು ಹಚ್ಚಿ ತೊಳೀತಾರೆ. ಅವರು ರಸಾಯನಶಾಸ್ತ್ರ ಓದಿಲ್ಲ, ಆದರೆ ದಿನವೂ ಮಾಡ್ತಾರೆ" ಅಂದ್ಲು. ಆಮೇಲೆ ಹುಳಿ ಕಿಲುಬನ್ನ ಎಂಗೆ ಕರಗುಸ್ತದೆ ಅಂತ ಒಂದೊಂದೇ ಬಿಡಿಸಿ ಯೋಳುದ್ಲು. ಮೂವತ್ತು ವರ್ಷ ಉಜ್ಜಿದ್ದೀನಿ, ಯಾಕೆ ಬೆಳಗ್ತದೆ ಅಂತ ಅವತ್ತು ಗೊತ್ತಾಯ್ತು.

ಅಷ್ಟ್ರಲ್ಲಿ ಕರೆಂಟು ಹೋಯ್ತು. ನಡುಮನೆ ಫ್ಯಾನು ನಿಂತೋಯ್ತು. ಲಕ್ಷ್ಮಣನ ಕಡೆ ನೋಡ್ದೆ. ಅವ್ನು ಬೂಸ್ಟರ್ ಮೇಲಿನ ಹಸಿರು ದೀಪಕ್ಕೆ ಬೆಟ್ಟು ಮಾಡಿ ತೋರ್ಸುದ. ಉರೀತಾನೇ ಇತ್ತು. ಒಳಗೆ ಹೇಮ ತಡವರಿಸ್ದೆ ಮಾತಾಡ್ತಾನೇ ಇದ್ಲು, ಕರೆಂಟು ಹೋಗಿದ್ದು ಅವ್ಳಿಗೆ ಗೊತ್ತೇ ಆಗ್ಲಿಲ್ಲ ಅಂತ ಕಾಣ್ತದೆ. ಮಗು ಕುಂಯ್ ಅಂದ, ಬಾಯಿಗೆ ಬೆರಳಿಟ್ಟೆ, ಚೀಪ್ಕಂಡು ಸುಮ್ನಾದ.

ಹನ್ನೊಂದೂವರೆಗೆ ಕದ ತೆಗ್ದು, "ಅತ್ತೆ, ಒಂದ್ಸಲಾನೂ ಕಟ್ಟಾಗ್ಲಿಲ್ಲ" ಅಂದ್ಲು. ಸೀರೆ ಸೆರಗಲ್ಲಿ ಮಖ ಒರಸ್ಕಂಡು ಮಗೂನ ಇಸ್ಕಂಡ್ಲು. ಲಕ್ಷ್ಮಣ ಕಂಬದ ಹತ್ರದಿಂದ್ಲೇ "ಸದ್ಯ" ಅಂದು ಹೊರಡಾಕೆ ನೋಡ್ದ.

ಉಂಡ್ಕಂಡು ಹೋಗು ಅಂದೆ. ಅವ್ನು ಅನುಮಾನ ಮಾಡ್ದ. ಪುರುಡಿನ ಮನೇಲಿ ಹೊರಗಿನೋರು ಉಣ್ಣಾಕಿಲ್ಲ, ಸೂತಕದೋನು ಇನ್ನೊಬ್ರ ಮನೇಲಿ ಉಣ್ಣಾಕಿಲ್ಲ. ನಂಗೂ ಮೈಲಿಗೆ, ನಿಂಗೂ ಮೈಲಿಗೆ, ಯಾರದ್ದು ಯಾರಿಗೆ ಅಂಟ್ತದೆ ಕೂತ್ಕಳ್ಲಾ ಅಂದೆ. ಅವ್ನು ನಕ್ಕು ಕೂತ. ಮುದ್ದೆ, ಹುರುಳಿಕಾಳಿನ ಸಾರು. ಎರಡು ಮುದ್ದೆ ಉಂಡ. ಆ ಹನ್ನೊಂದು ದಿವ್ಸದಲ್ಲಿ ನಮ್ಮನೇಲಿ ಉಂಡ ಹೊರಗಿನೋನು ಅವ್ನೊಬ್ನೇ.

ಪುರುಡು ಕಳ್ದು, ಅವ್ನ ಸೂತಕಾನೂ ಕಳ್ದ ಮ್ಯಾಲೆ ಬಂದು ಡಬ್ಬಾನ ನಡುಮನೆಗೆ ತಂದು ಹಾಕ್ದ. ನಾನು ತುಟಿ ಪಿಟಕ್ ಅನ್ಲಿಲ್ಲ. ಆಮೇಲೆ ತಗಡು ಹೊಡಿಯಾಕೆ ಕೂತ. ಎಡಗಡೆ ಮೊದ್ಲು ಹೊಡ್ದ. ಅರ್ಧ ಹೊಡೆದಿರೋವಾಗ ಪಾಂಡವಪುರದ ಸ್ಕೂಲಿಂದ ಹೇಮಳ ಫೋನಿಗೆ ವೈಫೈಲೇ ಕರೆ ಬಂತು. ಅವ್ಳು ಕೋಣೆ ಬಾಗ್ಲಿಗೆ ಬಂದು ನಿಲ್ಸು ಅಂತ ಕೈ ಮಾಡುದ್ಲು. ಲಕ್ಷ್ಮಣ ಸುತ್ತಿಗೆ ಎತ್ತಿದ ಕೈ ಅಂಗೇ ಹಿಡ್ಕಂಡ. ಹೂಂ ಸಾರ್, ಹೂಂ ಸಾರ್ ಅಂತಾಳೆ, ಮಖ ನೋಡುದ್ರೆ ಏನೂ ಗೊತ್ತಾಗಾಕಿಲ್ಲ.

"ತುಂಬಾ ಥ್ಯಾಂಕ್ಸ್ ಸಾರ್. ಆದರೆ ಸೋಮವಾರವೇ ಸೇರೋದಕ್ಕೆ ಆಗಲ್ಲ, ಮೂರು ತಿಂಗಳು ಟೈಮ್ ಕೊಡಿ" ಅಂದ್ಲು. ಆ ಕಡೆಯೋರು ಏನೋ ಕೇಳುದ್ರು. ಇವ್ಳು ನನ್ನ ಕಡೆ ನೋಡಿ, "ಬಾಣಂತನ ಮಾಡ್ತಿರೋದು ನಮ್ಮ ಅತ್ತೆ ಸಾರ್. ಮೂರು ತಿಂಗಳು ಆಗೋವರೆಗೂ ಅವರು ಹೊಸ್ತಿಲು ದಾಟೋಕೆ ಬಿಡಲ್ಲ" ಅಂದ್ಲು. ಆ ಕಡೆ ನಗು ಕೇಳುಸ್ತು. ಇವ್ಳೂ ನಕ್ಕು, "ಆಯ್ತು ಸಾರ್, ಜೂನ್ ಒಂದಕ್ಕೆ ಬರ್ತೀನಿ" ಅಂತ ಫೋನಿಟ್ಲು.

ನಾನು ಅಲ್ಲೇ ಕೂತು ಜೋರಾಗಿ ಅತ್ಬುಟ್ಟೆ. ಅಳ್ತಾ ಅಳ್ತಾನೇ, ಬರೀ ಕಾಲಲ್ಲಿ ನೆಲದ ಮೇಲೆ ನಿಂತವ್ಳಲ್ಲ ಇವ್ಳು ಅಂತ ಕಂಡು, ಒಳೀಕ್ಕೆ ನಡಿಯೇ ಅಂತ ಬೈದೆ.